ಕೆಂಪು ಬಿರಡೆ

ಮನೆ, ಹೊಲಿಗೆ ಯಂತ್ರದ ಮೇಲೆ ಹಲಗೆ ಹಾಕಿಕೊಂಡು
ಮಾರ್ಚ್ ೯, ಸೋಮವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಕಣ್ಣು ಈಗ ಹೇಗಿದೆ? ಮರಳು ಹೊಕ್ಕು ಎರಡೂ ಕಣ್ಣು ಕೆಂಡದ ಹಾಗಾಗಿವೆ ಎಂದು ಹೋದ ಸಲ ನೀನು ಬರೆದಿದ್ದೆ. ಲಾರಿ ಡ್ರೈವರನ ಕೈಯಲ್ಲಿ ಕಣ್ಣಿಗೆ ಬಿಡುವ ಔಷಧಿಯನ್ನೂ ನಾನೇ ಹೊಲಿದ ಎರಡು ಟೋಪಿಗಳನ್ನೂ ಕಳಿಸಿದ್ದೆ, ಸಿಕ್ಕಿರಬೇಕು. ಕತ್ತು ಸುಡದಿರಲಿ ಎಂದು ಟೋಪಿಯ ಅಂಚನ್ನು ಹಿಂದೆ ಉದ್ದ ಬಿಟ್ಟಿದ್ದೇನೆ. ನಿನ್ನ ಜೊತೆಯವರು ನಕ್ಕರೆ ನಗಲಿ, ನಾಲ್ಕು ದಿನ ಬಿಸಿಲು ಬಿದ್ದರೆ ಅವರೇ ಬಂದು ನಮಗೂ ಒಂದು ಎನ್ನುತ್ತಾರೆ. ಆ ಮರಳುಗಾಡಿನ ಒಣಗಿದ ಕೆರೆಯಂಗಳದಲ್ಲಿ ಹೂತುಹೋದ ವಿಮಾನ ಎಷ್ಟು ಮೇಲೆ ಬಂತು? ಬಾಲ ಕಾಣಿಸಿದೆ, ಹೊಟ್ಟೆ ಇನ್ನೂ ಮರಳೊಳಗಿದೆ ಎಂದಿದ್ದೆ. ಆತುರ ಬೇಡ. ಇಷ್ಟು ವರ್ಷ ಮಲಗಿದ್ದದ್ದು ಇನ್ನೊಂದು ವಾರ ಮಲಗಿದರೆ ನಷ್ಟವಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ನೀರು ಕುಡಿ. ಅಲ್ಲಿ ಫೋನು ಸತ್ತಂತೆಯೇ ಎಂದು ಗೊತ್ತಿದ್ದೂ ನಿನ್ನೆಯಿಂದ ನಿನ್ನ ನಂಬರನ್ನು ಒತ್ತುತ್ತಲೇ ಇದ್ದೇನೆ. ಪ್ರತಿ ಸಲವೂ ಒಬ್ಬಳು ಹುಡುಗಿ ಬಹಳ ಮರ್ಯಾದೆಯಿಂದ ನೀನು ಸಿಗುವುದಿಲ್ಲ ಎನ್ನುತ್ತಾಳೆ.

ಇಲ್ಲಿ ಎಲ್ಲರೂ ಕ್ಷೇಮ. ಇದನ್ನು ರೂಢಿಗೆ ಬರೆದದ್ದು ಎಂದು ಹಾರಿಸಿ ಓದಬೇಡ, ಇಲ್ಲಿ ಸ್ವಲ್ಪ ನಿಲ್ಲು. ನಿನ್ನ ಮಗಳು ಕ್ಷೇಮವಾಗಿದ್ದಾಳೆ. ಈಗ ನನ್ನ ಎದುರಿಗೇ ನೆಲದ ಮೇಲೆ ಕೂತು ನನ್ನ ಗುಂಡಿಯ ಡಬ್ಬಿಯನ್ನು ಸುರಿದುಕೊಂಡು, ಕರಿಯವನ್ನು ಒಂದು ಕಡೆ, ಬಿಳಿಯವನ್ನು ಒಂದು ಕಡೆ ಗುಡ್ಡೆ ಹಾಕುತ್ತಿದ್ದಾಳೆ. ಬೆಳಿಗ್ಗೆ ಹಾಲು ಕುಡಿದಳು, ಮೊಟ್ಟೆ ಬೇಡ ಎಂದಳು, ಆಮೇಲೆ ನನ್ನ ತಟ್ಟೆಯದನ್ನು ತಿಂದಳು. ಶಾಲೆಗೆ ಕಳಿಸಲಿಲ್ಲ. ಅವಳಿಗೇನೂ ಆಗಿಲ್ಲ, ಆದರೆ ಅವಳು ಕಣ್ಣ ಮುಂದಿನಿಂದ ಆಚೆ ಹೋದರೆ ನಮಗೆ ಏನೋ ಆಗುತ್ತದೆ. ಸ್ನಾನದ ಕೋಣೆಗೆ ಹೋದರೂ ನಾನು ಹೊರಗೆ ಬಾಗಿಲಿಗೆ ಒರಗಿ ನಿಲ್ಲುತ್ತೇನೆ. ಒಳಗಿನಿಂದಲೇ "ತಾತ, ನೀನೂ ಪೊಲೀಸ್ ಆದ್ಯಾ?" ಎಂದು ಕೇಳಿದಳು.

ನಾನು ಕತೆ ಕೇಳಿ ಬೆಳೆದವನು, ನಿನ್ನನ್ನು ಕತೆ ಹೇಳಿ ಬೆಳೆಸಿದವನು. ಹಳ್ಳಿಯ ಜಗುಲಿಯಲ್ಲಿ ಕಲಿತ ವಿದ್ಯೆ, ಸತ್ತ ರಾಜನನ್ನು ಎಬ್ಬಿಸಿ ಕೂರಿಸಿ ಊಟ ಬಡಿಸಬಲ್ಲೆ. ಆದರೆ ನಿನ್ನೆಯದನ್ನು ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ಆಗಲೇ ಹಾಳೆಗಳನ್ನು ಹರಿದು ಹಾಕಿದ್ದೇನೆ. ನಿನ್ನ ಹೆಂಡತಿಗೆ ನೀನೇ ಬರೆಯಮ್ಮ ಎಂದೆ. ಅವಳು ಪೆನ್ನು ಕೈಗೆ ತೆಗೆದುಕೊಂಡು ಕೆಳಗಿಟ್ಟಳು. "ನಾನು ಬರೆದ್ರೆ ಬರೀ ಬೈಗುಳ ಬರುತ್ತೆ. ನೀವೇ ಬರೀರಿ ಮಾವ" ಎಂದಳು. ನಿನ್ನೆಯಿಂದ ಅವಳು ಬಾಯಿಬಿಟ್ಟದ್ದು ಅದೇ ಮೊದಲು. ಸಾಮಾನಿನ ಲಾರಿ ಇವತ್ತು ಸಂಜೆಯೇ ಹೊರಡುತ್ತದೆ, ಆದ್ದರಿಂದ ಕೂತಿದ್ದೇನೆ. ಅಕ್ಷರ ವಕ್ರವಾಗಿದ್ದರೆ ವಯಸ್ಸಿನಿಂದ ಎಂದುಕೊಳ್ಳಬೇಡ.

ನಿನ್ನೆ, ಹಳೇ ವಿಮಾನವಿಟ್ಟ ನಮ್ಮ ಶೆಡ್ಡಿನ ಬಾಗಿಲನ್ನು ಜನರಿಗೆ ತೆರೆಯುವ ತಿಂಗಳ ಭಾನುವಾರ. ನೀನಿಲ್ಲದಿದ್ದರೆ ಜನ ಬರಲಾರರು ಎಂದು ಶೆಡ್ಡು ನಡೆಸುವ ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡಿದ್ದರು. ಜನರಿಗೆ ನೀನು ಯಾರೋ ಏನೋ, ಅವರು ಬರುವುದು ವಿಮಾನ ನೋಡುವುದಕ್ಕೆ. ಎಂದಿನವರೆಲ್ಲ ಬಂದರು. ರಿವೆಟ್ಟುಗಳನ್ನು ಮಾತ್ರ ಫೋಟೋ ತೆಗೆಯುವವನು ಬಂದು ಎಡರೆಕ್ಕೆಯ ಕೆಳಗೆ ಅಂಗಾತ ಮಲಗಿದ. ಫ್ಲಾಸ್ಕನ್ನೂ ಮಡಚುವ ಕುರ್ಚಿಗಳನ್ನೂ ತರುವ ಗಂಡಹೆಂಡತಿ ವಿಮಾನದ ಮೂಗಿನ ಎದುರು ಕೂತು, ಹೆಣ್ಣು ನೋಡಲು ಬಂದವರ ಹಾಗೆ ನೋಡಿದ್ದೇ ನೋಡಿದ್ದು. ಹೊಟ್ಟೆಯ ಕೆಳಗಿನ ಬೂದು ಬಣ್ಣ ಸರಿಯೋ ತಪ್ಪೋ ಎಂದು ಜಗಳವಾಡುವ ಇಬ್ಬರು ಮುದುಕರು ಹೋದ ತಿಂಗಳು ಬಿಟ್ಟಲ್ಲಿಂದ ಶುರುಮಾಡಿದರು. ನಿನ್ನ ಹೆಂಡತಿ ಔಷಧಿ ಅಂಗಡಿಗೆ ರಜೆ ಹಾಕಿ ಬಾಗಿಲ ಪಕ್ಕ ಟಿಕೆಟ್ಟಿನ ಮೇಜಿಗೆ ಕೂತಿದ್ದಳು. ನಾನು ಬೆಳಿಗ್ಗೆಯೇ ಹೋಗಿ ನಮ್ಮ ಮುದುಕಿಯ ಮೈ ಒರೆಸಿ, ಗಾಜು ಒರೆಸಿ, ಏಣಿ ಹಾಕಿ ಇಟ್ಟಿದ್ದೆ. ಒಂದೇ ಸೀಟಿನ ಹಳೇ ಯುದ್ಧವಿಮಾನಕ್ಕೆ ಮುದುಕಿ ಎನ್ನುತ್ತೀರಾ ಎಂದು ಹೊಸಬನೊಬ್ಬ ಕೇಳಿದ. ವಯಸ್ಸಾಗಿದೆ, ಹೊಟ್ಟೆ ಖಾಲಿ, ಎದ್ದು ಓಡಾಡುವುದಿಲ್ಲ, ಆದರೂ ಎಲ್ಲರೂ ಬಂದು ಕ್ಷೇಮ ವಿಚಾರಿಸಿ ಹೋಗಬೇಕು, ಇನ್ನೇನನ್ನಲಿ ಎಂದೆ.

ಮುಂದಿನದನ್ನು ನಾನು ಪೊಲೀಸ್ ಅಧಿಕಾರಿಗೆ ಹೇಳಿದ ಕ್ರಮದಲ್ಲೇ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ಅದರಲ್ಲಿ ಬರುತ್ತದೆ, ಸೈರಿಸಿಕೋ. ಬೇರೆ ದಾರಿ ಹಿಡಿದರೆ ನಾನು ಎಡವುತ್ತೇನೆ. ಆ ಅಧಿಕಾರಿ ಚಿಕ್ಕ ವಯಸ್ಸಿನವನು, ವಿಮಾನವೆಂದರೆ ಟಿಕೆಟ್ ತೆಗೆದುಕೊಂಡು ಹತ್ತುವುದು ಎಂದಷ್ಟೇ ಬಲ್ಲವನು. ಅವನಿಗೆ ಹೇಳಿದೆ: ಸ್ವಾಮಿ, ಆಕಾಶದಲ್ಲಿ ಈ ವಿಮಾನ ಕೆಟ್ಟರೆ ಪೈಲಟ್ ತನ್ನ ತಲೆಯ ಮೇಲಿರುವ ಹಳದಿ ಕಪ್ಪು ಪಟ್ಟೆಯ ಹಿಡಿಯನ್ನು ಎರಡೂ ಕೈಯಿಂದ ಕೆಳಕ್ಕೆ ಎಳೆಯುತ್ತಾನೆ. ಹಿಡಿಯ ಜೊತೆ ಕ್ಯಾನ್ವಾಸಿನ ಪರದೆಯೊಂದು ಮುಖದ ಮೇಲೆ ಇಳಿಯುತ್ತದೆ, ಗಾಳಿ ಮುಖವನ್ನು ಹರಿಯದಿರಲಿ ಎಂದು. ಎಳೆತ ಕೊನೆ ಮುಟ್ಟಿದ ಕೂಡಲೇ ಸೀಟಿನ ಬೆನ್ನಿನ ಕೊಳವೆಯಲ್ಲಿರುವ ಕಾಡತೂಸು ಸಿಡಿದು, ಸೀಟು ಮನುಷ್ಯನ ಸಮೇತ ಬಂದೂಕಿನಿಂದ ಹೊರಟ ಹಾಗೆ ಮೇಲಕ್ಕೆ ಹೋಗುತ್ತದೆ. ಅವನು ಬರೆಯುವುದನ್ನು ನಿಲ್ಲಿಸಿ "ಅದರಲ್ಲಿ ಮಕ್ಕಳನ್ನ ಕೂರಿಸ್ತೀರಾ?" ಎಂದ. ಆಗ ಬಿರಡೆಯ ವಿಷಯ ಹೇಳಬೇಕಾಯಿತು. ಮುದುಕಿ ನಮ್ಮ ಕೈಗೆ ಬರುವಾಗಲೇ ಸೈನ್ಯದವರು ಕೊಳವೆಯನ್ನು ಬರಿದು ಮಾಡಿದ್ದರು. ಸಿಡಿಸುವ ಯಂತ್ರವನ್ನೂ ಕಳಚಿ, ಅದು ಕೂರುತ್ತಿದ್ದ ತೂತಿಗೆ ಕೆಂಪು ಬಣ್ಣ ಬಳಿದ ಮರದ ಬಿರಡೆ ಹೊಡೆದಿದ್ದರು. ಬಲ್ಲವರು ಯಾರೇ ನೋಡಲಿ, ಕೆಂಪು ಕಂಡರೆ ಇದು ಸತ್ತ ಸೀಟು ಎಂದು ತಿಳಿಯಬೇಕು. ಆ ನಂಬಿಕೆಯ ಮೇಲೆ ಅಲ್ಲವೇ ನಮ್ಮ ಆಟ ಬೆಳೆದದ್ದು. ಪ್ರತಿ ಸಲವೂ ಒಂದೊಂದು ಮಗು ಹತ್ತಿ ಕೂರುವುದು, ಕೆಳಗಿನವರೆಲ್ಲ ಎಳಿ ಎಳಿ ಎಂದು ಕೂಗುವುದು, ಮಗು ಹಿಡಿ ಎಳೆದು ಪರದೆಯೊಳಗೆ ಮುಖ ಮುಚ್ಚಿಕೊಂಡ ಕೂಡಲೇ ಎಲ್ಲರೂ ಹಾರಿತು ಎಂದು ಚಪ್ಪಾಳೆ ತಟ್ಟುವುದು. ಮೊದಲ ಸರದಿ ಯಾವಾಗಲೂ ನಿನ್ನ ಮಗಳದ್ದು.

ಬಿರಡೆ ಈಗ ಎಲ್ಲಿದೆ ಎಂದು ಅಧಿಕಾರಿ ಕೇಳಿದ. ನನ್ನ ಹೊಲಿಗೆ ಯಂತ್ರದ ಖಾನೆಯಲ್ಲಿ ಇದೆ ಎಂದೆ. ಅದು ಅಲ್ಲಿಗೆ ಹೇಗೆ ಬಂತು ಎಂದೂ ವಿವರಿಸಿದೆ. ನೀನಂತೂ ಬಲ್ಲೆ. ನಮ್ಮ ಶೆಡ್ಡಿನವರಿಗೆ ಅಸಲಿ ಎನ್ನುವುದು ಒಂದು ರೋಗ. ಸ್ಕ್ರೂ ಹೊಸದು ಎಂದು ಗೊತ್ತಾದರೆ ಮೇಷ್ಟ್ರಿಗೆ ನಿದ್ದೆ ಬರುವುದಿಲ್ಲ. ನಿನಗೆ ಆ ಬಿರಡೆ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಆಗಿಬಿಟ್ಟಿತ್ತು. "ಅಪ್ಪಾ, ಇಂಥ ವಿಮಾನದಲ್ಲಿ ಮರದ ತುಂಡು. ಅದೂ ಕೆಂಪು" ಎಂದು ಉಣ್ಣುವಾಗಲೂ ಗೊಣಗುತ್ತಿದ್ದೆ. ಕೊನೆಗೆ ಗುಜರಿಯವನ ಹತ್ತಿರ ಸಿಡಿಸುವ ಯಂತ್ರ ಸಿಕ್ಕಿತು, ಅದರ ಜೊತೆಗೆ ಕಾಡತೂಸಿನ ಚಿಪ್ಪೂ ಬಂತು. ಯಾವತ್ತೋ ಸಿಡಿದು ಖಾಲಿಯಾದದ್ದು ಎಂದು ಅವನು ಹೇಳಿದ, ನೀನು ನಂಬಿದೆ. ಆ ತುಕ್ಕಿನ ಮುದ್ದೆಯನ್ನು ನಿನ್ನ ಗಡಿಯಾರ ರಿಪೇರಿಯ ಅಂಗಡಿಗೆ ಒಯ್ದು ಗಡಿಯಾರಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಿಚ್ಚಿದೆಯಲ್ಲ, ನಿನ್ನನ್ನು ನೋಡಲು ಎರಡು ಕಣ್ಣು ಸಾಲದು. ಸ್ಪ್ರಿಂಗ್ ಹೊಸದಾಗಿ ಸುತ್ತಿದೆ. ಮೊಳೆಯ ತುದಿಯನ್ನು ಉಜ್ಜಿದೆ. ಕೈಗಡಿಯಾರಕ್ಕೆ ಬಿಡುವ ಎಣ್ಣೆ ಬಿಟ್ಟೆ. ಚಿಪ್ಪನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ನನ್ನ ಕಿವಿಗೂ ಹಿಡಿದೆ. ಸದ್ದಿಲ್ಲ. ನೀನು ಖಾಲಿ ಎಂದೆ, ನಾನೂ ಹೂಂ ಎಂದೆ. ನೀನು ಹೊರಡುವ ಹಿಂದಿನ ದಿನ ಮಧ್ಯಾಹ್ನ ಅದನ್ನು ಕೂರಿಸುವಾಗ ಟಾರ್ಚು ಹಿಡಿದು ನಿಂತವನು ನಾನೇ. ಬಿರಡೆ ಎಸೆಯಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡು ಬಂದವನೂ ನಾನೇ. ಎಲ್ಲ ಹೊಸದಾಗಿ ಕಾಣುವಾಗ ಮುಖದ ಪರದೆ ಮಾತ್ರ ಹಳೇ ಚಿಂದಿಯಂತಿದೆ ಎಂದು, ನೀನು ಹೋದ ಮೇಲೆ ನಾನೇ ದಪ್ಪ ಕ್ಯಾನ್ವಾಸ್ ತಂದು ಜೋಡಿ ಹೊಲಿಗೆ ಹಾಕಿ ಹೊಸ ಪರದೆ ಕೂರಿಸಿದೆ. ನೀನು ಬಂದಾಗ ತೋರಿಸಿ ಬೆರಗಾಗಿಸಬೇಕು ಎಂಬ ಆಸೆ.

ಈಗ ನಿನ್ನೆಗೆ ಬರುತ್ತೇನೆ. ನಿನ್ನ ಮಗಳು ಏಣಿ ಹತ್ತಿ ಕೂತಳು. ಜನ ಮೂಗಿನ ಸುತ್ತ ನೆರೆದರು. ಮಗಳು ಎರಡೂ ಕೈ ಮೇಲಕ್ಕೆ ಚಾಚಿ ಹಿಡಿಯನ್ನು ಹಿಡಿದಳು. ಆಗ ನನ್ನ ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು, ಕತ್ತರಿಸಿದ ಬಿಳಿ ಕೂದಲು, ಕೈಯಲ್ಲಿ ಬೈನಾಕುಲರ್. ಸೈನ್ಯದಲ್ಲಿ ಇಂಥ ಸೀಟುಗಳನ್ನು ಬಿಚ್ಚುವ ಜೋಡಿಸುವ ಕೆಲಸವನ್ನೇ ಮಾಡಿ ನಿವೃತ್ತರಾದವರು ಎಂದು ಆಮೇಲೆ ತಿಳಿಯಿತು. ಅವರು ಕುತ್ತಿಗೆ ಉದ್ದ ಮಾಡಿ ಸೀಟಿನ ಬೆನ್ನಿನ ಕಡೆ ನೋಡುತ್ತಾ, ಬಹಳ ಸಾಧಾರಣವಾಗಿ, ಹೋದ ಸಲ ಬಂದಾಗ ಅಲ್ಲೊಂದು ಕೆಂಪು ಬಿರಡೆ ಇತ್ತಲ್ಲ, ಎಲ್ಲಿ ಎಂದು ಕೇಳಿದರು. ನಾನು ಹೆಮ್ಮೆಯಿಂದ ಅಂದೆ, ತೆಗೆದೆವು ತಾಯಿ, ನನ್ನ ಮಗ ಅಸಲಿಯದನ್ನೇ ಹುಡುಕಿ ತಂದು ಹಾಕಿದ್ದಾನೆ, ಒಳಗಿನ ಕಾಡತೂಸು ಸಮೇತ, ಗಡಿಯಾರದ ಹಾಗೆ ಕೆಲಸ ಮಾಡುತ್ತದೆ. ಮಗನೇ, ಒಬ್ಬ ಮನುಷ್ಯನ ಮುಖದಿಂದ ರಕ್ತ ಇಳಿಯುವುದನ್ನು ನಾನು ಕತೆಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಕಣ್ಣಾರೆ ಕಂಡದ್ದು ನಿನ್ನೆಯೇ.

ಅಷ್ಟರಲ್ಲಿ ಮಗಳು ಎಳೆಯಲು ಶುರುಮಾಡಿದ್ದಳು. ನನ್ನ ಹೊಸ ಕ್ಯಾನ್ವಾಸ್ ಗಡುಸು, ಸರಾಗವಾಗಿ ಇಳಿಯಲೊಲ್ಲದು. ಹುಬ್ಬಿನವರೆಗೆ ಬಂದು ನಿಂತಿತು. ಅವಳು ಮೂಗು ಸುಕ್ಕಿಸಿ, ಕಾಲು ಒತ್ತಿ, ಮತ್ತೆ ಎಳೆದಳು. ನಿನ್ನ ಹೆಂಡತಿ ಟಿಕೆಟ್ಟಿನ ಮೇಜಿನಿಂದ ಎದ್ದು ಬಂದು ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಾ ಎಳಿ ಪುಟ್ಟಾ ಎಳಿ ಎನ್ನುತ್ತಿದ್ದಳು. ನನ್ನ ಹೊಲಿಗೆಗೆ ಅವಮಾನವಾಯಿತಲ್ಲ ಎಂದು ನಾನೂ ಕೂಗಿದೆ, ಇನ್ನೂ ಜೋರಾಗಿ ಎಳಿ ಎಂದೆ. ಇದನ್ನು ಬರೆದು ಪೆನ್ನು ಕೆಳಗಿಟ್ಟು ನೀರು ಕುಡಿದು ಬಂದೆ. ಆ ಹೆಂಗಸು ಕೂಗಲಿಲ್ಲ, ಓಡಲಿಲ್ಲ. ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಆ ವಯಸ್ಸಿನಲ್ಲಿ ಏಣಿಯನ್ನು ಬೆಕ್ಕಿನಂತೆ ಹತ್ತಿ, ಮಗಳ ಎರಡೂ ಮುಷ್ಟಿಗಳ ಮೇಲೆ ತಮ್ಮ ಎರಡೂ ಕೈ ಮುಚ್ಚಿದರು. ಅವರು ಹೇಳಿದ ಮಾತು ಒಂದಕ್ಷರ ಬಿಡದೆ ನನ್ನ ಕಿವಿಯಲ್ಲಿದೆ.

"ಕೆಳಗೆ ಎಳೆಯೋದು ಎಲ್ಲ ಮಕ್ಕಳಿಗೂ ಬರುತ್ತೆ ಪುಟ್ಟಿ. ಇದನ್ನ ಮೇಲಕ್ಕೆ ಕಳಿಸೋದು ಯಾರಿಗೂ ಬರಲ್ಲ."

"ನಂಗೆ ಬರುತ್ತೆ."

"ನೋಡೋಣ. ಕೈ ಬಿಡಬಾರದು. ಆಮೆ ಹೋಗೋ ಹಾಗೆ ಹೋಗಬೇಕು. ಫಟ್ ಅಂತ ಬಿಟ್ರೆ ನೀನು ಸೋತ ಹಾಗೆ."

ಮಗಳಿಗೆ ಸೋಲುವುದೆಂದರೆ ಆಗದು, ನಿನ್ನ ರಕ್ತ. ನಾಲಿಗೆ ಹೊರಗೆ ಹಾಕಿಕೊಂಡು ಆಮೆಯ ಹಾಗೆಯೇ ಹಿಡಿಯನ್ನು ಮೇಲಕ್ಕೆ ಬಿಟ್ಟಳು. ಪರದೆ ಹಣೆಯಿಂದ ಮೇಲೆ ಹೋಯಿತು. ಹಿಡಿ ತನ್ನ ಜಾಗಕ್ಕೆ ಕೂತ ಮೇಲೆ ಆ ತಾಯಿ ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದೇ, ಇನ್ನೊಂದು ಕೈಯಿಂದ ತಮ್ಮ ಕೀಲಿಗೊಂಚಲು ತೆಗೆದರು. ವಿಮಾನದ ಹುಚ್ಚಿನವರೆಲ್ಲ ಕೀಲಿಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿಕೊಂಡಿರುತ್ತಾರಲ್ಲ, ಅಂಗಡಿಯಲ್ಲಿ ಸಿಗುವ ಶೋಕಿಯ ಸಾಮಾನು. ಇವರದು ಶೋಕಿಯದಲ್ಲ. ಪಟ್ಟಿಯ ತುದಿಯಲ್ಲಿ ನಿಜವಾದ ಉಕ್ಕಿನ ಪಿನ್ನಿತ್ತು, ಕೆಲಸದ ಕಾಲದ್ದು. ಹಿಡಿ ಇನ್ನು ಕೆಳಗಿಳಿಯದಂತೆ ಅದನ್ನು ಸೀಟಿನ ತಲೆಯ ಹತ್ತಿರದ ತೂತಿಗೆ ತೂರಿಸಿದರು. ಆಮೇಲೆ ಮಗಳನ್ನು ಎತ್ತಿ ಏಣಿಯ ಮೇಲಿಂದ ನನ್ನ ಕೈಗೆ ಕೊಟ್ಟರು. "ನಾನು ಗೆದ್ನಾ ಪಿನ್ನಜ್ಜಿ?" ಎಂದಳು ನಿನ್ನ ಮಗಳು. ಅಲ್ಲಿಂದ ಅವರಿಗೆ ಅದೇ ಹೆಸರು. ಪಿನ್ನಜ್ಜಿ ಏಣಿಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಆಗ ನಾನು ತಲೆ ಎತ್ತಿ ನೋಡಿದೆ. ಸೀಟಿನ ನೇರಕ್ಕೆ ಮೇಲೆ ಶೆಡ್ಡಿನ ಕಬ್ಬಿಣದ ತೊಲೆ. ಅದನ್ನು ನಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲ.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಮೇಷ್ಟ್ರು ಎಲ್ಲರನ್ನೂ ಹೊರಗೆ ಕಳಿಸಿದರು. ರಿವೆಟ್ಟಿನವನು ಇನ್ನೂ ಮಲಗಿಯೇ ಇದ್ದ, ಅವನನ್ನು ಕಾಲು ಹಿಡಿದು ಎಳೆಯಬೇಕಾಯಿತು. ಪೊಲೀಸರು ಬಂದರು, ಅವರ ಹಿಂದೆ ಸೈನ್ಯದ ಸಿಡಿಮದ್ದಿನ ತಂಡದವರು ಬಂದು ಮರಳಿನ ಚೀಲ ಪೇರಿಸಿದರು. ಒಳಗೆ ಹೋದವರು ಹೊರಗೆ ಬರುವವರೆಗೆ ನಾವೆಲ್ಲ ರಸ್ತೆಯಾಚೆ ನಿಂತಿದ್ದೆವು. ಮುದುಕರಿಬ್ಬರೂ ಬೂದು ಬಣ್ಣದ ಮಾತೆತ್ತಲಿಲ್ಲ. ತಂಡದ ಹಿರಿಯ ಹೊರಗೆ ಬಂದು, ಕಾಡತೂಸು ತುಂಬಿಯೇ ಇದೆ, ಜೀವಂತ, ಎಂದ. ನಾನು ಮೊಂಡುತನಕ್ಕೆ ಅಲ್ಲಾಡಿಸಿ ನೋಡಿದ್ದೆವಲ್ಲ ಸ್ವಾಮಿ ಎಂದೆ. ಪಿನ್ನಜ್ಜಿ ನನ್ನ ಕಡೆ ತಿರುಗಿ, ಒತ್ತಿ ತುಂಬಿದ ಮದ್ದು ಸದ್ದು ಮಾಡುವುದಿಲ್ಲ ಎಂದರು. ಅವರ ದನಿಯಲ್ಲಿ ಬೈಗುಳವಿರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಸಂಜೆ ಅದನ್ನು ವಿಮಾನ ಓಡುವ ದಾರಿಯ ಆ ತುದಿಗೆ ಒಯ್ದು ಹಳ್ಳದಲ್ಲಿಟ್ಟು ಸಿಡಿಸಿದರು. ಮುಷ್ಟಿಯೊಳಗೆ ಹಿಡಿಯುವಷ್ಟಿದ್ದ ಡಬ್ಬಿ. ಸದ್ದಿಗೆ ಶೆಡ್ಡಿನ ತಗಡೆಲ್ಲ ಝಲ್ಲೆಂದಿತು, ರಸ್ತೆ ಬದಿಯ ಮರಗಳಿಂದ ಹಕ್ಕಿಗಳೆಲ್ಲ ಎದ್ದವು. ಮಗಳು ನನ್ನ ತೋಳಿನಲ್ಲಿದ್ದಳು. ಹೊಗೆ ಹೋದ ಮೇಲೆ, "ತಾತ, ಅದು ನಾನು ಎಳೀತಿದ್ದದ್ದಾ?" ಎಂದು ಕೇಳಿದಳು. ಅಲ್ಲ ಎಂದೆ. ಸುಳ್ಳೆಂದು ಅವಳಿಗೆ ಗೊತ್ತಾಯಿತು.

ನಿನ್ನ ಹೆಂಡತಿ ಆ ಸದ್ದಿಗೆ ಬೆಚ್ಚಲೂ ಇಲ್ಲ. ಚಪ್ಪಾಳೆ ತಟ್ಟಿದ ಎರಡೂ ಅಂಗೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ನಿಂತಿದ್ದಳು. ಮನೆಗೆ ಬಂದು ಮಗಳಿಗೆ ಉಣಿಸಿದಳು, ಮಲಗಿಸಿದಳು, ಅವಳ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಳು. ಬೆಳಿಗ್ಗೆ ನಾನು ಎದ್ದಾಗ ಹಾಗೆಯೇ ಕೂತಿದ್ದಳು. ಟೀ ಕೊಟ್ಟರೆ ಕುಡಿದಳು, ಇಲ್ಲಮ್ಮ ಏನೂ ಆಗಲಿಲ್ಲವಲ್ಲ ಎಂದು ನಾನು ಹೇಳಿದ್ದಕ್ಕೆ ಲೋಟ ಕೆಳಗಿಟ್ಟು ಮಗಳ ಹೊದಿಕೆ ಸರಿಮಾಡಿದಳು. ನನಗೆ ಕತೆಗಳಲ್ಲಿ ಇಂಥ ಹೊತ್ತಿಗೆ ಒಂದು ಹಾಡು ಬರುತ್ತಿತ್ತು, ಕೇಳುವವರ ಎದೆ ಹಗುರಾಗಲಿ ಎಂದು. ಈ ಮನೆಯಲ್ಲಿ ಇವತ್ತು ಗಡಿಯಾರದ ಸದ್ದು ಬಿಟ್ಟರೆ ಏನೂ ಇಲ್ಲ, ಅದೂ ನೀನು ರಿಪೇರಿ ಮಾಡಿದ್ದು.

ನಿನ್ನನ್ನು ಬೈಯಲು ನನಗೆ ಬಾಯಿಲ್ಲ, ಟಾರ್ಚು ಹಿಡಿದ ಕೈ ಇದೇ. ಆದರೆ ಒಂದು ಮಾತು ಕೇಳುತ್ತೇನೆ. ಆ ಯಂತ್ರ ತುಕ್ಕು ಹಿಡಿದೇ ಬಂದಿತ್ತು. ಯಾರೋ ಸೋಮಾರಿ ಅದನ್ನು ಹಾಗೇ ಸಿಕ್ಕಿಸಿದ್ದರೆ, ಮಗಳಲ್ಲ, ನಾವೆಲ್ಲ ಸೇರಿ ಎಳೆದಿದ್ದರೂ ಮೊಳೆ ಅಲುಗುತ್ತಿರಲಿಲ್ಲ ಎಂದು ಮದ್ದಿನವರು ಹೇಳಿದರು. ಅಷ್ಟು ಚೆನ್ನಾಗಿ ಎಣ್ಣೆ ಹಾಕಿದವರು ಯಾರು ಎಂದು ಅವರಲ್ಲೊಬ್ಬ ಮೆಚ್ಚಿಕೊಂಡೇ ಕೇಳಿದ. ನನ್ನ ಮಗ ಎಂದು ಹೇಳಲು ನಾನು ಜೀವಮಾನದಲ್ಲಿ ಮೊದಲ ಸಲ ತಡವರಿಸಿದೆ. ನಾವು ಮುದುಕಿಯನ್ನು ಉಳಿಸುತ್ತೇವೆ ಉಳಿಸುತ್ತೇವೆ ಎನ್ನುತ್ತೇವಲ್ಲ, ಅವಳು ಏನು ಮಾಡಲು ಹುಟ್ಟಿದವಳು ಎಂಬುದನ್ನು ಬಣ್ಣ ಬಳಿಯುತ್ತಾ ಬಳಿಯುತ್ತಾ ಮರೆತೇಬಿಟ್ಟೆವೇನೋ. ಮೇಷ್ಟ್ರು ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ಪೊಲೀಸರಿಗೆ ಕೊಟ್ಟರು. ಮತ್ತೆ ತೆರೆಯುವುದೋ ಇಲ್ಲವೋ ತನಿಖೆ ಮುಗಿಯಬೇಕು. ನಿನ್ನನ್ನೂ ಕೇಳುತ್ತಾರೆ, ಗುಜರಿಯವನನ್ನು ಇವತ್ತು ಠಾಣೆಗೆ ಕರೆಸಿದ್ದಾರೆ. ನಡೆದದ್ದನ್ನು ನಡೆದಂತೆ ಹೇಳು. ಪಿನ್ನಜ್ಜಿ ಮಗಳಿಗೆ ಆ ಪಿನ್ನನ್ನೇ ಕೊಡಲು ಬಂದರು. ನಿನ್ನ ಹೆಂಡತಿ ಬೇಡವೆಂದು ತಲೆಯಾಡಿಸಿ ಅವರ ಕೈಯನ್ನು ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ಇನ್ನು ನೀನು ಮನೆಗೆ ಬಂದ ದಿನ ಅವಳ ಎದುರು ವಿವರಣೆ ಕೊಡಲು ಹೋಗಬೇಡ. ಯಂತ್ರ, ಮೊಳೆ, ಗುಜರಿಯವನು ಎಂದು ಶುರುಮಾಡಬೇಡ. ಸುಮ್ಮನೆ ಬಂದು ಮಗಳ ಪಕ್ಕದಲ್ಲಿ ಕೂರು.

ಕಾಗದ ಉದ್ದವಾಯಿತು. ಮಗಳು ಅಪ್ಪನಿಗೆ ಮುತ್ತು ಎಂದು ಬರೆಯಲು ಹೇಳಿ, ಬರೆದೆನೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದಾಳೆ. ನಿನ್ನ ಜೊತೆಯವರಿಗೆಲ್ಲ ನನ್ನ ನೆನಪು ಹೇಳು. ಮರಳು ನಿನಗೆ ಮೆತ್ತಗಿರಲಿ, ಬಿಸಿಲು ನಿನ್ನ ಮೇಲೆ ಕರುಣೆ ಇಡಲಿ, ಹೋದ ಹಾಗೆಯೇ ಇಡಿಯಾಗಿ ನಮ್ಮ ಬಾಗಿಲಿಗೆ ಬಾ.

ನಿನ್ನ ಅಪ್ಪ

ಮರೆತದ್ದಲ್ಲ, ಈಗ ತಿಳಿದದ್ದು: ಲಕೋಟೆ ಅಂಟಿಸುವಾಗ, ಹೇಳಿಕೆ ಕೊಡಲು ಹೋಗಿದ್ದ ಪಿನ್ನಜ್ಜಿಯ ಫೋನು ಠಾಣೆಯಿಂದ ಬಂತು. ಗುಜರಿಯವನು ಅಳುತ್ತಾ ಹೇಳಿದನಂತೆ, ದೊಡ್ಡದರ ಜೊತೆ ಹೆಬ್ಬೆರಳಿನಷ್ಟು ಸಣ್ಣದೊಂದು ಕಾಡತೂಸನ್ನೂ ತಾನು ನಿನಗೆ ಕೊಟ್ಟಿದ್ದೆ, ಅದು ಕೊಳವೆಗೆ ಕೂರುವುದಿಲ್ಲ ಎಂದು ನೀನು ಕೊಂಡಿ ಹಾಕಿಸಿ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡೆ, ಮರಳುಗಾಡಿಗೆ ಹೋಗುವಾಗ ಅದೃಷ್ಟಕ್ಕೆ ಇರಲಿ ಎಂದೆ ಎಂದು. ಮಗನೇ, ಅದೂ ದೊಡ್ಡದಿದ್ದ ಪೆಟ್ಟಿಗೆಯದೇ, ಅದೂ ಜೀವಂತವಿರಬಹುದು. ಅದಕ್ಕೆ ಬಿಸಿ ತಾಗಬಾರದು, ಅದರ ತಲೆಗೆ ಪೆಟ್ಟು ಬೀಳಬಾರದು ಎನ್ನುತ್ತಾರೆ. ನೀನು ಒಲೆಯ ಹತ್ತಿರ ಕೂತು ಓದುತ್ತಿದ್ದರೆ ಏಳು. ಇದನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು, ಹಾಳೆ ತುಂಬಿದೆ, ಲಕೋಟೆಯ ಮೇಲೂ ಬರೆಯುತ್ತೇನೆ. ಡ್ರೈವರನ ಬಾಯಲ್ಲಿ ಹೇಳಿಸಿದರೆ ನೀನು ನಕ್ಕು, ನೋಡು ಖಾಲಿ ಎಂದು ಅದನ್ನು ಕಲ್ಲಿಗೆ ತಟ್ಟಿ ತೋರಿಸುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು. ನಿನ್ನ ಹೆಂಡತಿಗೂ ಗೊತ್ತು. ಫೋನಿನ ಮಾತು ಕೇಳಿದವಳೇ ಮಗಳನ್ನು ನನ್ನ ತೊಡೆಯ ಮೇಲೆ ಕೂರಿಸಿ, "ಕಾಗದ ಕೊಡಿ ಮಾವ, ನಾನೇ ಹೋಗ್ತೀನಿ" ಎಂದು ಚಪ್ಪಲಿ ಮೆಟ್ಟಿದಳು. ಲಾರಿ ಹೊರಗೆ ನಿಂತಿದೆ. ಮದ್ದಿನ ತಂಡದವರು ಹಿಂದೆಯೇ ಬರುತ್ತಾರೆ. ಅವಳು ಇಳಿದು ಬಂದು ನಿನ್ನೆದುರು ಮಾತಿಲ್ಲದೆ ಕೈ ಚಾಚಬಹುದು. ಕೊಡಬೇಡ. ಅವಳ ಕೈಗೂ ಕೊಡಬೇಡ. ಮೆಲ್ಲಗೆ ಕೊರಳಿನಿಂದ ತೆಗೆದು ನೆರಳಿರುವ ಕಡೆ ಮರಳಿನ ಮೇಲಿಟ್ಟು, ಅವಳ ಕೈ ಹಿಡಿದುಕೊಂಡು ದೂರ ನಡೆ.